ನನ್ನ ಹೆಸರಿನಲ್ಲಿ ಊರವರ ಹೊಟ್ಟೆ ಕರಗಿಸಲು ಹೊರಟ ಫೋನು

ಹ್ಯಾರಿಸನ್, ನ್ಯೂಜೆರ್ಸಿ
ಅಕ್ಟೋಬರ್ ೨೦೧೦

ಫೋನ್ ಕಂಪನಿಯ ಭದ್ರತಾ ಅಪ್‌ಡೇಟ್ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ನೀವು ಸಕಾಲಕ್ಕೆ ಕಳಿಸದ ಒಂದು ಅಪ್‌ಡೇಟ್‌ನಿಂದಾಗಿ ನನಗೆ ಸಿಗಲಿದ್ದ ಕೆಲಸ ತಪ್ಪಿತು. ಹೆಂಡತಿಯ ತಾಯಿ ಮಾತು ಬಿಟ್ಟರು. ಮೊದಲನೆಯದಕ್ಕೆ ಆರ್ಥಿಕ ಕುಸಿತವನ್ನಾದರೂ ದೂರಬಹುದು. ಎರಡನೆಯದಕ್ಕೆ ನಿಮ್ಮನ್ನು ಬಿಟ್ಟರೆ ಯಾರೂ ಸಿಗುತ್ತಿಲ್ಲ.

ಕಳೆದ ವರ್ಷ ಮ್ಯಾನ್‌ಹಟನ್ನಿನ ಬ್ಯಾಂಕೊಂದು ನಮ್ಮ ಇಡೀ ವಿಭಾಗವನ್ನು ಮನೆಗೆ ಕಳಿಸಿತು. ಅಂದಿನಿಂದ ಸಂಸಾರ ನಡೆಯುತ್ತಿರುವುದು ನನ್ನ ಹೆಂಡತಿ ನಾಝಿಯಾಳ ಸಂಬಳದಲ್ಲಿ. ಕೆಲಸ ಹುಡುಕಲೆಂದೇ ನಿಮ್ಮ ಫೋನ್ ಕೊಂಡೆ. ಬಹಳ ಅಲೆದಾಟದ ಬಳಿಕ ಸೀಕಾಕಸ್‌ನ ಗೋದಾಮು ಕಂಪನಿಯೊಂದು ಸಂದರ್ಶನಕ್ಕೆ ಕರೆಯಿತು. ಏನು ಕೆಲಸ ಗೊತ್ತೇ? ಅವರ ಕಂಪ್ಯೂಟರ್‌ಗಳನ್ನು ವೈರಸ್‌ನಿಂದ ಕಾಯುವುದು! ಸಂದರ್ಶನ ಮಾಡಿದ ಮಾರ್ಗರೆಟ್ ಅವರಿಗೆ ನಾನು ಒಪ್ಪಿಗೆಯಾದೆ. ಸೋಮವಾರ ಬಂದು ಸೇರಿಕೊಳ್ಳಿ ಎಂದರು.

ಭಾನುವಾರ ನಿಮ್ಮ ಫೋನಿನೊಳಗೆ ವೈರಸ್ ಹೊಕ್ಕಿತು. ಅದರಲ್ಲಿ ಹೆಸರಿದ್ದ ಪ್ರತಿಯೊಬ್ಬರಿಗೂ ನನ್ನ ನಂಬರಿನಿಂದಲೇ ಇಂಗ್ಲಿಷಿನಲ್ಲಿ ಮೆಸೇಜು ಹೋಯಿತು: ನಿಮ್ಮ ಹೊಟ್ಟೆ ನೋಡಿ ಬೇಸರವಾಗುತ್ತಿದೆ, ಈ ಮಾತ್ರೆ ತೆಗೆದುಕೊಳ್ಳಿ.

ಮಾರ್ಗರೆಟ್ ಸಜ್ಜನರು. ತಾವೇ ಫೋನ್ ಮಾಡಿ, ಇದು ವೈರಸ್ಸಿನ ಕೆಲಸವೆಂದು ತಮಗೆ ಗೊತ್ತಾಗಿದೆ ಎಂದರು. ಆದರೆ ಸ್ವಂತ ಫೋನನ್ನೇ ಕಾಯಲಾಗದವನ ಕೈಗೆ ಕಂಪನಿಯ ಕಂಪ್ಯೂಟರ್‌ಗಳನ್ನು ಒಪ್ಪಿಸಲು ಮೇಲಿನವರು ಸಿದ್ಧರಿಲ್ಲವಂತೆ.

ವೆಸ್ಟ್ ವಿಂಡ್ಸರ್‌ನಲ್ಲಿರುವ ನಾಝಿಯಾಳ ತಾಯಿ ಅನ್ವರಿಯವರು ಅಷ್ಟು ಉದಾರಿಗಳಲ್ಲ. ಇಬ್ಬರೂ ಹೋಗಿ ನಡೆದದ್ದನ್ನೆಲ್ಲ ವಿವರಿಸಿದೆವು. ಪೂರ್ತಿ ಕೇಳಿಸಿಕೊಂಡು ಅವರೆಂದರು: “ವೈರಸ್ ಅಂತೀಯಪ್ಪ, ಸರಿ. ಅದಕ್ಕೆ ನನ್ ಹೊಟ್ಟೆ ವಿಷಯ ಹೇಳಿದ್ ಯಾರು?” ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದೇ.

ನಾಝಿಯಾ ಕಿಟಕಿಯ ಕಡೆ ತಿರುಗಿಕೊಂಡು ನಕ್ಕಳು. ನನ್ನ ಕೆಲಸ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅಷ್ಟರ ಮಟ್ಟಿಗೆ ನಿಮಗೆ ಋಣಿ.

ನಿಮ್ಮ ಸಹಾಯವಾಣಿಯನ್ನು ವಿಚಾರಿಸಿದೆ. ಈ ದೋಷ ಸರಿಪಡಿಸುವ ಅಪ್‌ಡೇಟ್ ವಸಂತದಲ್ಲೇ ತಯಾರಾಗಿತ್ತು, ನೆಟ್‌ವರ್ಕ್ ಕಂಪನಿಯ ಒಪ್ಪಿಗೆ ಬಾಕಿ ಎಂದರು. ನೆಟ್‌ವರ್ಕಿನವರು ನಿಮ್ಮತ್ತ ಬೆರಳು ತೋರಿಸಿದರು. ಮರಳಿ ನಿಮ್ಮಲ್ಲಿಗೆ ಬಂದರೆ, “ಸರ್, ಹೊಸ ಮಾಡೆಲ್‌ಗೆ ಅಪ್‌ಗ್ರೇಡ್ ಮಾಡ್ಕೊಳ್ಳಿ” ಎಂಬ ಅರ್ಥದ ಉಪದೇಶ. ಮಾನ್ಯರೇ, ನನ್ನ ಫೋನಿಗಿನ್ನೂ ಒಂದು ವರ್ಷ ತುಂಬಿಲ್ಲ. ಫೋನ್ ಕೊಡುವಾಗ ಸಹಿ ಹಾಕಿಸಿಕೊಂಡ ಎರಡು ವರ್ಷದ ಕಾಂಟ್ರಾಕ್ಟಿನಿಂದ ನಾನು ಓಡಿಹೋಗುವಂತಿಲ್ಲ. ನೀವು ಮಾತ್ರ ಓಡಿಹೋಗಬಹುದೇ?

ನನ್ನ ಬೇಡಿಕೆ ಇಷ್ಟೇ. ಗ್ರಾಹಕನನ್ನು ಎಷ್ಟು ಕಾಲ ಕಟ್ಟಿಹಾಕುತ್ತೀರೋ ಅಷ್ಟು ಕಾಲ, ಅಪ್‌ಡೇಟ್ ತಯಾರಾದ ವಾರದೊಳಗೆ ಅವನ ಫೋನಿಗೆ ಮುಟ್ಟಿಸಿ. ಆಗದಿದ್ದರೆ, ಆಗುವುದಿಲ್ಲವೆಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಕೊಳ್ಳುವವರು ಓದಿಯಾದರೂ ಕೊಳ್ಳಲಿ.

ಇಂತಿ,
ನಾಳಿನ ಸಂದರ್ಶನಕ್ಕೆ ಹೆಂಡತಿಯ ಫೋನ್ ನಂಬರ್ ಕೊಟ್ಟಿರುವ
ಅಕೀಲ್