ಬಿಸಿಲಿಗೆ ಕೊಡದ ತಾರಸಿ

ಮೇಲಿನ ಕೋಣೆ, ಕಿಟಕಿಯ ಪಕ್ಕ
ಭಾನುವಾರ, ಒಂಬತ್ತನೇ ತಾರೀಖು

ಪ್ರೀತಿಯ ರಾಯರೇ,

ಹೇಗಿದ್ದೀರಿ? ಕೆಮ್ಮು ಹೋಯಿತಾ? ಗಾಳಿಯಂತ್ರದ ಕಂಬ ಹತ್ತುವ ಮೊದಲು ಸೊಂಟದ ಬೆಲ್ಟನ್ನು ಎರಡು ಸಲ ಎಳೆದು ನೋಡುತ್ತೀರಿ ತಾನೇ? ನನಗೋಸ್ಕರ ಮೂರನೇ ಸಲವೂ ಎಳೆಯಿರಿ. ನಿಮ್ಮ ಗುಡ್ಡದಲ್ಲಿ ಸಿಗ್ನಲ್ ಇಲ್ಲದ ಕಾರಣ ನಾನು ಜೀವನದಲ್ಲಿ ಮೊದಲ ಬಾರಿಗೆ ಪತ್ರ ಬರೆಯುತ್ತಿದ್ದೇನೆ, ಅದೂ ಕನ್ನಡದಲ್ಲಿ! ಒತ್ತಕ್ಷರ ತಪ್ಪಿದ್ದರೆ ನಕ್ಕುಬಿಡಿ. ಜೋರಾಗಿ ನಗಿ, ಇಲ್ಲಿಗೂ ಕೇಳಿಸಲಿ. ಮದುವೆಯಾಗಿ ಐವತ್ತೊಂದು ದಿನ. ನೀವು ಜೊತೆಗಿದ್ದದ್ದು ಹದಿನಾಲ್ಕು. ನಿಮ್ಮ ನೀಲಿ ಅಂಗಿಯನ್ನು ಇನ್ನೂ ಒಗೆಯಲು ಹಾಕಿಲ್ಲ. ಯಾಕೆ ಅಂತ ಕೇಳಬೇಡಿ, ನಾಚಿಕೆಯಾಗುತ್ತದೆ.

ಈಗ ಸುದ್ದಿ. ನಮ್ಮ ಬೀದಿಯ ಮೂವತ್ತು ಮನೆಯವರು ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಲು ಒಪ್ಪಿದರೆ ನಿಮ್ಮ ಕಂಪನಿ ಇಲ್ಲೇ ಒಂದು ರಿಪೇರಿ ಆಫೀಸು ತೆರೆಯುತ್ತದೆ, ಆಗ ನಿಮಗೆ ಇಲ್ಲಿಗೆ ವರ್ಗ ಸಿಗಬಹುದು ಅಂದಿದ್ದಿರಲ್ಲ, ಆ ಒಪ್ಪಿಗೆ ಪತ್ರಗಳನ್ನು ಹಿಡಿದು ಮನೆಮನೆ ಅಲೆಯುತ್ತಿದ್ದೇನೆ. ಎಲ್ಲರಿಗೂ ಸೋಲಾರ್ ಅಂದರೆ ಪ್ರಾಣ, ಪಕ್ಕದ ಮನೆಯ ಮೇಲಿದ್ದರೆ! ನಿವೃತ್ತ ಹೆಡ್‌ಮಾಸ್ಟರರು ಭೂಮಿಯನ್ನು ಉಳಿಸಬೇಕು ಅಂತ ಅರ್ಧ ಗಂಟೆ ಭಾಷಣ ಮಾಡಿ, ಪೆನ್ನು ಕೊಟ್ಟ ಕೂಡಲೇ "ಕನ್ನಡಕ ಸಿಗ್ತಿಲ್ಲಮ್ಮಾ" ಅಂದರು. ಅದು ಅವರ ಮೂಗಿನ ಮೇಲೇ ಇತ್ತು. ಇಸ್ತ್ರಿ ಅಂಗಡಿಯವರು "ಮೋಡ ಕವಿದ ದಿನ ಜನ ಸುಕ್ಕು ಬಟ್ಟೆ ಹಾಕ್ಕೊಂಡು ಹೋಗ್ಬೇಕಾ?" ಅಂದರು. ಮಾಮೂಲಿ ಕರೆಂಟೂ ಇರುತ್ತದೆ ಅಂದೆ. "ಮತ್ತೆ ಇದ್ಯಾಕೆ?" ಅಂದರು! ಟೈಲರ್ ಅಕ್ಕ ಮಾತ್ರ ಮುಖಕ್ಕೆ ಹೊಡೆದ ಹಾಗೆ ಹೇಳಿದರು: "ಕರೆಂಟ್ ಹೋಗಿ ಮಿಷನ್ ನಿಂತಾಗೆಲ್ಲ ನನಗೂ ಬೇಕು ಅನ್ಸುತ್ತೆ ಕಣೆ. ಆದ್ರೆ ನಿಮ್ಮನೆ ತಾರಸಿ ಖಾಲಿ ಇದೆಯಲ್ಲ? ಅಡುಗೆ ಮಾಡಿದೋರೇ ಉಣ್ಣದ್ದನ್ನ ನಮಗೆ ಬಡಿಸ್ತೀಯಾ?" ಈಗ ಇಡೀ ಬೀದಿಗೆ ಅದೇ ಮಾತು ಬಾಯಿಪಾಠ.

ನಮ್ಮ ಮನೆಯ ಸಹಿ ಅತ್ತೆಯದು. ಕೇಳಿದೆ. ಪಾತ್ರೆ ತೊಳೆಯುತ್ತಲೇ, "ಮಗನನ್ನ ಗಾಳಿಗೆ ಕೊಟ್ಟಾಯ್ತು, ಇನ್ನು ತಾರಸಿನೂ ಬಿಸಿಲಿಗೆ ಕೊಡ್ಲಾ?" ಅಂದರು. ನಿಮ್ಮ ವರ್ಗದ ವಿಷಯ ತುಟಿಯವರೆಗೆ ಬಂತು. ಹೋದ ವರ್ಷ ವರ್ಗದ ಮಾತು ನಂಬಿ ಅಮ್ಮ ಎರಡು ತಿಂಗಳು ಬಾಗಿಲು ಕಾದಿದ್ದರು, ಈ ಸಲ ಖಚಿತವಾಗುವ ತನಕ ಹೇಳಬೇಡ ಅಂತ ನೀವು ನನ್ನಿಂದ ಆಣೆ ಹಾಕಿಸಿಕೊಂಡಿದ್ದೀರಿ. ನಾಲಿಗೆ ಕಚ್ಚಿಕೊಂಡೆ. ನನ್ನಂಥವಳಿಗೆ ಅದೆಷ್ಟು ಕಷ್ಟ ಅಂತ ನಿಮಗೆ ಗೊತ್ತು. ಜೋರು ಗಾಳಿ ಬೀಸಿದರೆ ಅತ್ತೆ ಕೈಯಲ್ಲಿರುವ ಕೆಲಸ ಬಿಟ್ಟು ಸುಮ್ಮನೆ ನಿಂತುಬಿಡುತ್ತಾರೆ. ನಾನೂ ನಿಲ್ಲುತ್ತೇನೆ. ಗಾಳಿ ಇಳಿದ ಮೇಲೆ ಅವರು ಪಾತ್ರೆಗೆ, ನಾನು ಪೊರಕೆಗೆ.

ಹೊಟ್ಟೆ ತುಂಬ ಊಟ ಮಾಡಿ, ಕಿವಿ ಮುಚ್ಚಿಕೊಂಡು ಮಲಗಿ. ನಿಮ್ಮ ಜೊತೆ ಕಂಬ ಹತ್ತುವ ಅಣ್ಣಂದಿರಿಗೆಲ್ಲ ನನ್ನ ನಮಸ್ಕಾರ ಹೇಳಿ. ನಿಮ್ಮನ್ನು ಜೋಪಾನವಾಗಿ ಇಳಿಸಲಿ.

ನಿಮ್ಮವಳೇ ಆದ,
ಮಾತಿನಮಲ್ಲಿ

ತಾ.ಕ.: ಪತ್ರ ಅಂಚೆಗೆ ಹಾಕುವ ಮೊದಲೇ ಸೋಮವಾರವಾಯಿತು, ಆಣೆಯೂ ಮುರಿಯಿತು. ಬೆಳಿಗ್ಗೆ ಅತ್ತೆಗೆ ವರ್ಗದ ವಿಷಯ ಹೇಳಿಬಿಟ್ಟೆ. ಕೈ ಒರೆಸಿಕೊಂಡು ಬಂದು ಸಹಿ ಹಾಕಿದರು. ಆಮೇಲೆ ಉಳಿದ ಒಪ್ಪಿಗೆ ಪತ್ರಗಳನ್ನೆಲ್ಲ ನನ್ನ ಕೈಯಿಂದ ಕಿತ್ತುಕೊಂಡು ತಾವೇ ಬೀದಿಗಿಳಿದರು. ಮಧ್ಯಾಹ್ನದೊಳಗೆ ಹನ್ನೊಂದು ಸಹಿ! ಆದರೆ ಹೊರಡುವಾಗ "ಯಾವತ್ತು ಬರ್ತಾನೆ?" ಅಂದರು. ಆ ಮುಖ ನೋಡಿ "ಬರಬಹುದು" ಅನ್ನಲು ನನ್ನಿಂದಾಗಲಿಲ್ಲ. ಮುಂದಿನ ತಿಂಗಳ ಮೊದಲ ಭಾನುವಾರ ಅಂದುಬಿಟ್ಟೆ. ನಿಮ್ಮ ಹಾಸಿಗೆಯನ್ನು ಆಗಲೇ ಹೊರಗೆ ಒಣಗಲು ಹಾಕಿದ್ದಾರೆ. ವರ್ಗ ಆಗಲಿ ಬಿಡಲಿ, ರಜೆ ಹಾಕಿಯಾದರೂ ಆ ಭಾನುವಾರ ಬನ್ನಿ ರೀ. ಒಂದು ದಿನ ಸಾಕು. ಸುಳ್ಳು, ಸಾಲದು.