ಉಜ್ಜಿ ತೆಗೆದದ್ದು

27 ಸೆಪ್ಟೆಂಬರ್ 2025, ಶನಿವಾರ

ಇವತ್ತೂ ರಿವೆಟ್, ರಿವೆಟ್, ರಿವೆಟ್. ಬೆರಳು ಮಡಚಲು ಬರುತ್ತಿಲ್ಲ. ಎಡ ರೆಕ್ಕೆಯ ತಗಡು ಜೋಡಿಸಿ ಮುಗಿಯಿತು, ಸದ್ಯ.

1935ರ ಫೈಟರ್ ವಿಮಾನ. ಎಲ್ಲರೂ ಮೇಲೊಂದು ಕೆಳಗೊಂದು ರೆಕ್ಕೆ ಕಟ್ಟುತ್ತಿದ್ದಾಗ ಇಂಗ್ಲೆಂಡಿನಲ್ಲಿ ಯಾರೋ ಒಂಟಿ ರೆಕ್ಕೆಯದನ್ನು ಪ್ರಯೋಗಕ್ಕೆಂದು ಒಂದೇ ಒಂದು ಕಟ್ಟಿದರು. ಮೂರನೇ ಹಾರಾಟದಲ್ಲಿ ಎಂಜಿನ್‌ಗೆ ಬೆಂಕಿ. ಪೈಲಟ್ ಹೋದ. ಬ್ರಿಸ್ಬೇನಿನ ಹೊರಗೆ ಒಂದು ಶೆಡ್ಡಿನಲ್ಲಿ ನಾವು ಏಳು ಜನ ಅದರ ನಕಲು ಕಟ್ಟುತ್ತಿದ್ದೇವೆ. ನಾನೊಬ್ಬಳೇ ಮೈಸೂರಿನವಳು. ನಾನೊಬ್ಬಳೇ ಹೆಂಗಸು ಕೂಡ.

ಅಸಲಿ ವಿಮಾನದ್ದು ಉಳಿದಿರುವುದು ಒಂದೇ ತುಂಡು. ಎಂಜಿನ್ ಮುಚ್ಚುವ ಅಲ್ಯೂಮಿನಿಯಂ ತಗಡು, ಕೊನೆಯ ಹಾರಾಟಕ್ಕೆ ಮುಂಚೆ ಅದನ್ನು ತೆಗೆದು ಬೇರೆ ಹಾಕಿದ್ದರಿಂದ ಉಳಿಯಿತು. ಅದು ನಮ್ಮ ಗುಂಪಿನ ಲೆಸ್ ಅವರದು. ಅವರ ಅಪ್ಪ ಆ ವಿಮಾನದ ಫಿಟ್ಟರ್ — ಬೆಂಕಿಗೆ ಅವರೇ ಕಾರಣ ಎಂದು ಕೆಲಸದಿಂದ ತೆಗೆದರಂತೆ. ಲೆಸ್‌ಗೆ ಎಂಬತ್ತಾರು. ಆ ಮಾತು ಬಂದರೆ ಈಗಲೂ ಕೈಯಲ್ಲಿದ್ದ ಕೆಲಸ ಕೆಳಗಿಡುತ್ತಾರೆ.

ಅಕ್ಟೋಬರ್ ಹನ್ನೊಂದಕ್ಕೆ ಅಡಿಲೇಡ್‌ನಿಂದ ಮ್ಯೂಸಿಯಂನವರು ಬರುತ್ತಾರೆ. “ಅವತ್ತು ಒಂದು ತೋರಿಸ್ತೀನಿ, ಕ್ಯಾಸ್. ಅಲ್ಲೀವರೆಗೂ ಬಾಯಿಗೆ ಬೀಗ” ಅಂದರು ಲೆಸ್. ಕಸ್ತೂರಿ ಅನ್ನಲು ಅವರಿಗೆ ನಾಲಿಗೆ ಹೊರಳುವುದಿಲ್ಲ.

1 ಅಕ್ಟೋಬರ್, ಬುಧವಾರ. ಆಯುಧಪೂಜೆ

ಮಧ್ಯಾಹ್ನ ರಜೆ ಹಾಕಿ, ಸನ್ನಿಬ್ಯಾಂಕ್ ಮಾರ್ಕೆಟ್ಟಿನಲ್ಲಿ ಹೂವು, ನಿಂಬೆಹಣ್ಣು ಕೊಂಡು ಶೆಡ್‌ಗೆ ಹೋದೆ. ಯಾರೂ ಇರಲಿಲ್ಲ.

ನನ್ನ ಗಂಡ ಹರ್ಷ ಬೆಳಿಗ್ಗೆಯೇ ಅಂದಿದ್ದರು: “ಅಲ್ಲ ಕಣೇ, ಬೇರೆಯವ್ರ ಶೆಡ್ಡು, ಒಂದ್ ಮಾತು ಕೇಳ್ಬಾರ್ದಾ?”

“ಕೇಳಿದ್ರೆ ಬೇಡ ಅಂತಾರೆ” ಅಂದೆ.

ಡ್ರಿಲ್, ಸ್ಪ್ಯಾನರ್, ರಿವೆಟ್ ಗನ್ ಎಲ್ಲ ಒರೆಸಿದೆ. ತೊಳೆಯದೆ ಪೂಜೆ ಮಾಡುವುದುಂಟೆ? ಗೋಡೆಗೆ ತೂಗುಹಾಕಿದ್ದ ಆ ತಗಡನ್ನೂ ಇಳಿಸಿದೆ. ಹೊರಗೆ ಹಳೆಯ ಪೇಂಟ್, ಮುಟ್ಟಲಿಲ್ಲ. ಒಳಮೈ ಮಾತ್ರ ಕರಿ ಜಿಡ್ಡು. ಡಿಗ್ರೀಸರ್ ಹಾಕಿ ಸ್ಕ್ರಬ್ಬರ್‌ನಲ್ಲಿ ಉಜ್ಜಿದೆ. ಮೂಲೆಯಲ್ಲಿ ಬೂದು ಗೀಚು ಇತ್ತು, ಅಕ್ಷರದ ಹಾಗೆ. ಯಾವುದೋ ಅಳತೆಯ ಗುರುತಿರಬೇಕು ಎಂದು ಇನ್ನೂ ಎರಡು ಸಲ ಉಜ್ಜಿದೆ. ಫಳಫಳ!

ಕುಂಕುಮ ಇಟ್ಟು ಮಂಗಳಾರತಿ ಮಾಡಿ, ಆಮೇಲೆ ಎಲ್ಲವನ್ನೂ ಒರೆಸಿ ಬಂದೆ. ಸೇಫ್ಟಿ ನೋಡಿಕೊಳ್ಳುವ ಬ್ರೂಸ್‌ಗೆ ದೀಪ ಎಂದರೆ ಆಗುವುದಿಲ್ಲ. ತುಂಬಾ ದಿನದ ಮೇಲೆ ಹಬ್ಬ ಅನ್ನಿಸಿತು.

11 ಅಕ್ಟೋಬರ್, ಶನಿವಾರ

ಲೆಸ್ ಟೈ ಕಟ್ಟಿಕೊಂಡು ಬಂದಿದ್ದರು. ಅಡಿಲೇಡಿನವರ ಮುಂದೆ ತಗಡು ಇಳಿಸಿ, ತಿರುಗಿಸಿ, ಟಾರ್ಚ್ ಓರೆಯಾಗಿ ಹಿಡಿದರು.

ಏನೂ ಇಲ್ಲ.

“ಇಲ್ಲೇ ಇತ್ತು. ಅಪ್ಪನ ಪೆನ್ಸಿಲ್ ಬರಹ. ಇಲ್ಲಿ ವಿಪರೀತ ಬಿಸಿಯಾಗ್ತಿದೆ, ಮೇಲಿನವರಿಗೆ ಹೇಳಿದೆ, ಕೇಳಲಿಲ್ಲ ಅಂತ. ತಾರೀಖೂ ಹಾಕಿದ್ದ.” ಟಾರ್ಚನ್ನು ಇನ್ನೊಂದು ಬದಿಯಿಂದ ಹಿಡಿದು ನೋಡಿದರು.

“ನೀವೇ ಯಾವಾಗಲೋ ಒರೆಸಿರಬೇಕು ಲೆಸ್” ಅಂದ ಬ್ರೂಸ್, ಮೆತ್ತಗೆ.

ಲೆಸ್ ತಮ್ಮ ಕೈಗಳನ್ನೇ ನೋಡಿಕೊಂಡರು. “ಇರಬಹುದು... ನಾನೇ ಒರೆಸಿದೆನಾ?”

ನಾನು ಅಲ್ಲೇ ನಿಂತಿದ್ದೆ. ಒಂದು ಮಾತು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾಫಿ ಮಾಡಲು ಹೋದೆ. ಥೂ.

18 ಅಕ್ಟೋಬರ್

ಲೆಸ್ ಬರಲಿಲ್ಲ.

8 ನವೆಂಬರ್

ಇವತ್ತೂ ಇಲ್ಲ. ಶೆಡ್ಡಿನ ಕೀ ವಾಪಸ್ ಕಳಿಸಿದ್ದಾರೆ. ಕಾರು ಓಡಿಸುವುದನ್ನೂ ಬಿಟ್ಟರಂತೆ. ಡಾಕ್ಟರ್‌ಗೆ ಅವರೇ ಹೇಳಿದರಂತೆ — ನಾನು ಮಾಡಿದ್ದು ನನಗೇ ನೆನಪಿರುವುದಿಲ್ಲ, ಇಲ್ಲದ್ದನ್ನು ಕಂಡೆ ಅನ್ನುತ್ತೇನೆ ಎಂದು. ಮಗಳು ಜೆನ್ ಪರ್ತ್‌ಗೆ ಕರೆದುಕೊಂಡು ಹೋಗುತ್ತಾಳೆ, ಖಾಯಂ ಆಗಿ.

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದ್ದು ನಾನು, ಉಣ್ಣುತ್ತಿರುವುದು ಅವರು.

ಹರ್ಷ ಅವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. “ನಂಗ್ಯಾಕೆ ಹೇಳ್ತೀಯ ಕಸ್ತೂರಿ, ಅವ್ರಿಗೆ ಹೇಳು” ಅಂದರು, ಅಷ್ಟೇ.

22 ನವೆಂಬರ್, ಶನಿವಾರ

ಹೋದೆ. ಮನೆ ತುಂಬ ಪ್ಯಾಕಿಂಗ್ ಡಬ್ಬ. ಲೆಸ್ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು, ಅತಿಥಿಯ ಹಾಗೆ. ಕೂರುವ ಮುಂಚೆಯೇ ಹೇಳಿಬಿಟ್ಟೆ. ಹಬ್ಬ, ಡಿಗ್ರೀಸರ್, ಗೀಚು, ಕಾಫಿ — ಎಲ್ಲ. ಅತ್ತುಬಿಟ್ಟೆ.

ಸಿಟ್ಟೇ ಬರಲಿಲ್ಲ ಅವರಿಗೆ. ನನ್ನ ಕೈ ಹಿಡಿದುಕೊಂಡರು. “ಅಂದ್ರೆ ಅದು ಇತ್ತು! ನಿಜವಾಗಿಯೂ ಇತ್ತು!” ಮುಖ ಅರಳಿತು. ಆಮೇಲೆ ಮುಂದಕ್ಕೆ ಬಾಗಿ ಕೇಳಿದರು: “ಮೇಲಿನವರಿಗೆ ಹೇಳಿದೆ ಅಂತ ಇತ್ತು ತಾನೇ, ಕ್ಯಾಸ್? ನೀನು ಓದಿದ್ದೀಯಲ್ಲ?”

ಓದಿರಲಿಲ್ಲ. ಅಕ್ಷರದ ಹಾಗಿದೆ ಎಂದು ಕಂಡೂ ಬಗ್ಗಿ ಓದಿರಲಿಲ್ಲ.

ಹೂಂ ಅಂದೆ.

“ಜೆನ್!” ಎಂದು ಕೂಗಿದರು. ಅಷ್ಟು ಜೋರಾಗಿ ಅವರು ಕೂಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅಲ್ಲೇ ಅಡಿಲೇಡ್‌ಗೆ ಫೋನ್ ಮಾಡಿಸಿದರು. ಸೋಮವಾರದೊಳಗೆ ನಾನು ಬರೆದುಕೊಡಬೇಕಂತೆ, ಸಹಿ ಹಾಕಿ. ಕಂಡದ್ದು ಏನು, ಪದಕ್ಕೆ ಪದ.

23 ನವೆಂಬರ್

ಬರೆಯಲು ಕೂತಿದ್ದೇನೆ. ಕಸ್ತೂರಿ ಎಂಬ ನಾನು, ಅಕ್ಟೋಬರ್ ಒಂದರಂದು, ಆ ತಗಡಿನ ಒಳಮೈಯಲ್ಲಿ ಓದಿದ್ದು ಏನೆಂದರೆ —