ತಣ್ಣಗಿದ್ದ ಬ್ಯಾಟರಿ

ಬಿಜೂರು
ಸೋಮವಾರ

ಅಮ್ಮಾ,

ಈ ಪತ್ರವನ್ನು ಗುಲಾಬಿಯಕ್ಕ ಮೀನಿನ ಬುಟ್ಟಿಯಲ್ಲಿಟ್ಟು ತರುತ್ತಾಳೆ. ಬಂಗುಡೆಯ ವಾಸನೆ ಬಂದರೆ ಸಹಿಸಿಕೋ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ನನ್ನ ಫೋನನ್ನು ನಿನ್ನ ಅಳಿಯ ದಿನಾ ತೆರೆದು ನೋಡುತ್ತಾರೆ. ಕುಳಿತುಕೊಂಡು ಕೊನೆಯವರೆಗೂ ಓದು. ಅಲ್ಲಿಯ ತನಕ ಯಾರಿಗೂ ಫೋನ್ ಮಾಡಬೇಡ.

ಇವರು ನನಗೆ ಕರೆಂಟಿನ ಸ್ಕೂಟರ್ ಕೊಟ್ಟಾಗ ನೀನು ಕೇರಿಯಲ್ಲೆಲ್ಲ ಹೇಳಿಕೊಂಡು ಬಂದೆ. ಅದರ ಬ್ಯಾಟರಿಯನ್ನು ಬೈಂದೂರಿನ ತಮ್ಮ ಅಂಗಡಿಯಲ್ಲಿ ಇವರೇ ಕೈಯಾರೆ ಜೋಡಿಸಿದ್ದು. ಒಳಗೊಂದು ಬೋರ್ಡು ಇರುತ್ತದೆ, ಬಿಎಂಎಸ್ ಎನ್ನುತ್ತಾರೆ. ಪ್ರತಿಯೊಂದು ಸೆಲ್ಲಿನ ಮೇಲೂ ಅದರ ಕಣ್ಣು. ಒಂದೇ ಒಂದು ಸೆಲ್ಲು ಅತಿಯಾಗಿ ಬಿಸಿಯಾದರೂ, ತೀರ ಖಾಲಿಯಾದರೂ, ತುಂಬಿದ ಮೇಲೂ ತುಂಬುತ್ತಿದ್ದರೂ ಇಡೀ ಬ್ಯಾಟರಿಯನ್ನೇ ನಿಲ್ಲಿಸಿಬಿಡುತ್ತದೆ. ಅದಿಲ್ಲದಿದ್ದರೆ ಬೆಂಕಿ. ಆ ಬೋರ್ಡಿನ ಮೇಲೆ ನನಗೆ ಸಿಟ್ಟಿಲ್ಲ.

ಹೊಲಿಗೆ ಕೆಲಸಕ್ಕೆ ಉಪ್ಪುಂದಕ್ಕೆ ಹೋಗುವಾಗ ಸ್ಕೂಟರ್ ಒಂದು ದಿನವೂ ಕೈಕೊಟ್ಟಿಲ್ಲ. ಮರವಂತೆಗೆ, ನಿನ್ನ ಕಡೆಗೆ ಹೊರಟರೆ ಮಾತ್ರ ನಾವುಂದ ದಾಟುತ್ತಿದ್ದಂತೆ ನಿಲ್ಲುತ್ತಿತ್ತು. ಹೆದ್ದಾರಿ, ಹಿಂದೆ ಲಾರಿಯ ಹಾರ್ನು. ಇವರು ವ್ಯಾನು ತಂದು ಕರೆದುಕೊಂಡು ಹೋಗುತ್ತಿದ್ದರು, ದಾರಿಯಲ್ಲಿ ಬೊಂಡದ ನೀರು ಕೂಡ ಕುಡಿಸುತ್ತಿದ್ದರು. "ಬ್ಯಾಟ್ರಿ ಬಿಸಿ ಆಯ್ತ್ ಕಾಣ್" ಎನ್ನುತ್ತಿದ್ದರು. ನಾನು ನಂಬಿದ್ದೆ.

ಮಳೆಗಾಲದಲ್ಲಿ ಒಮ್ಮೆ ಹಾಗೆ ನಿಂತಾಗ ಸೀಟು ಎತ್ತಿ ಬ್ಯಾಟರಿಯ ಮೇಲೆ ಅಂಗೈ ಇಟ್ಟು ನೋಡಿದೆ. ಬಾವಿಕಟ್ಟೆಯಷ್ಟು ತಣ್ಣಗಿತ್ತು. ಅಷ್ಟರಲ್ಲಿ ಇವರ ಫೋನು: "ಎಂತ, ಗಾಡಿ ನಿಂತ್ ಹೋಯ್ತಾ? ಅಲ್ಲೇ ಇರ್, ಬತ್ತೆ." ನಿಂತಿದೆ ಎಂದು ನಾನಿನ್ನೂ ಯಾರಿಗೂ ಹೇಳಿರಲಿಲ್ಲ.

ಕೇಳಿದ್ದಕ್ಕೆ ಮುಚ್ಚಿಡಲಿಲ್ಲ, ನಗುತ್ತಲೇ ತೋರಿಸಿದರು. ಬೋರ್ಡಿಗೆ ಸಿಮ್ ಹಾಕಿದ್ದಾರೆ. ಸ್ಕೂಟರ್ ಎಲ್ಲಿದೆ ಎಂಬುದು ಅಂಗಡಿಯಲ್ಲಿ ಕುಳಿತಲ್ಲಿಗೇ ಕಾಣುತ್ತದೆ. ಕಳ್ಳರು ಒಯ್ದರೆ ಅಲ್ಲಿಂದಲೇ ನಿಲ್ಲಿಸಲಿಕ್ಕೆಂದು ಫೋನಿನಲ್ಲಿ ಒಂದು ಹಸಿರು ಗುಂಡಿ. "ನಿನ್ನ ಸೇಫ್ಟಿಗೇ ಮಾರಾಯ್ತಿ. ಅಮ್ಮನ ಮನೆ ಎಲ್ಲಿಗ್ ಓಡಿ ಹೋತ್ತ್? ಹೋಯ್ಕಾರೆ ನಾನೇ ಕರ್ಕಂಡ್ ಹೋತೆ" ಎಂದರು. ಕರೆದುಕೊಂಡು ಹೋದದ್ದಿಲ್ಲ. ಇದನ್ನು ಆಗ ನಿನಗೆ ಅರ್ಧ ಹೇಳಿದ್ದೆ. "ಅಷ್ಟ್ ಕಾಳಜಿ ಯಾರ್ ಮಾಡ್ತ್ರ್ ಹೆಣೆ" ಎಂದೆ ನೀನು. ಉಳಿದರ್ಧ ನನ್ನಲ್ಲೇ ಉಳಿಯಿತು.

ಬಸ್ಸಿದೆಯಲ್ಲ ಎನ್ನುತ್ತೀಯ. ಬೇಸಗೆಯಲ್ಲಿ ಬಸ್ಸಿನಲ್ಲೇ ಬಂದಿದ್ದೆ. ಸ್ಕೂಟರ್ ಉಪ್ಪುಂದದ ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಇರುವುದನ್ನು ಕಂಡು ಇವರು ನಿನಗೆ ಫೋನ್ ಮಾಡಿದರು. "ಇಲ್ಲೇ ಇತ್ತ್ ಹ್ವಾಯ್, ಉಣ್ತಾ ಇತ್ತ್" ಎಂದು ನೀನು ಸಂತೋಷದಿಂದಲೇ ಹೇಳಿದೆ. ನಾನು ಕೈ ತೊಳೆಯುವಷ್ಟರಲ್ಲಿ ವ್ಯಾನು ಅಂಗಳದಲ್ಲಿತ್ತು. ಆಮೇಲೆ ಮನೆಯಲ್ಲಿ ಏನಾಯಿತು ಎಂಬುದನ್ನು ಬರೆಯುವುದಿಲ್ಲ. ಅಂದಿನಿಂದ ನನ್ನ ಬಲಗೈ ಭುಜದಿಂದ ಮೇಲೆ ಏಳುತ್ತಿಲ್ಲ. ಹೊಲಿಗೆಗೆ ಅಷ್ಟು ಎತ್ತುವುದು ಬೇಕಾಗಿಲ್ಲ, ನಡೆಯುತ್ತದೆ.

ಗುರುವಾರ ನಾನು ಬರುತ್ತೇನೆ, ಉಳಿಯಲಿಕ್ಕೆ. ಸ್ಕೂಟರ್ ಎಂದಿನಂತೆ ಹೊಲಿಗೆ ಅಂಗಡಿಯ ಮುಂದೆ ಇರುತ್ತದೆ, ನನ್ನ ಫೋನು ಜೊತೆಯಲ್ಲಿ ಹೊಲಿಯುವ ಸುಗುಣಾಳ ಕೈಯಲ್ಲಿ. ಇವರು ಕರೆದರೆ "ಬ್ಲೌಸಿನ ಅಳತೆ ತೆಗಿತಾ ಇತ್ತ್" ಎನ್ನುವುದನ್ನು ಅವಳು ಈಗಲೇ ಅಭ್ಯಾಸ ಮಾಡುತ್ತಿದ್ದಾಳೆ, ಪ್ರತಿ ಸಲವೂ ನಗು ಬಂದು ಕೆಡುತ್ತದೆ. ಇನ್ನು ಉಳಿದವಳು ನೀನು. ನನ್ನ ಮುಖ ಕಂಡ ಕೂಡಲೇ ಅಳಿಯನಿಗೆ ತಿಳಿಸುವುದು ನಿನ್ನ ರೂಢಿ. ಅವರು ಕೇಳಿದರೆ ಬಂದಿಲ್ಲ ಎನ್ನು. ನಿನಗೆ ಸುಳ್ಳು ಬಾರದು, ನನಗೆ ಗೊತ್ತು. ಇದೊಂದನ್ನು ಕಲಿ.

ನಿನ್ನ ಬಾಗಿಲನ್ನೇ ನಂಬಿರುವ
ಪೂಜಿತಾ

ಮರೆತ ಮಾತು: ಗುರುವಾರ ಎಂದು ಬರೆದದ್ದು ಸುಳ್ಳು. ನಾನೀಗ ನಿನ್ನ ಅಂಗಳದ ದಣಪೆಯ ಹೊರಗೆ, ಗುಲಾಬಿಯಕ್ಕನ ಮೀನಿನ ರಿಕ್ಷಾದಲ್ಲಿ ಖಾಲಿ ಬುಟ್ಟಿಗಳ ನಡುವೆ ಕುಳಿತಿದ್ದೇನೆ. ಫೋನನ್ನು ಒಳಗಿಟ್ಟು ಬರಿಗೈಯಲ್ಲಿ ಅಂಗಳಕ್ಕೆ ಬಾ. ಅದು ನಿನ್ನ ಕಿವಿಯ ಹತ್ತಿರ ಕಂಡರೆ ನಾನು ಇಳಿಯುವುದಿಲ್ಲ. ರಿಕ್ಷಾ ಕುಂದಾಪುರಕ್ಕೆ ಹೋಗುತ್ತದೆ, ಅಲ್ಲಿಂದ ಎಲ್ಲಿಗೆ ಎಂಬುದನ್ನು ನಿನಗೂ ಹೇಳುವುದಿಲ್ಲ.